ಕೆಲಸದವರಿಗೆ ಕಲಿಸುವವರು ಯಾರು: ಧಣಿಯೋ, ಹಳಬರೋ, ಹೊರಗಿನವರೋ?

ಅಂಗಡಿಗೆ ಹೊಸ ಹುಡುಗ ಸೇರುತ್ತಾನೆ. ಧಣಿ ಹೇಳುವುದು ಒಂದೇ ಮಾತು: "ಆ ಅಣ್ಣನ ಜೊತೆ ನಿಂತು ನೋಡು, ಎಲ್ಲ ಗೊತ್ತಾಗ್ತದೆ." ಆ ಅಣ್ಣನಿಗೆ ತನ್ನದೇ ಕೆಲಸ ಬೇಕಾದಷ್ಟಿರುತ್ತದೆ. ಮೂರು ತಿಂಗಳಾದ ಮೇಲೆ ಹುಡುಗನಿಗೆ ಚಹಾ ತರುವುದು, ಗೋಣಿ ಎತ್ತುವುದು, ಕಸ ಗುಡಿಸುವುದು ಚೆನ್ನಾಗಿ ಬರುತ್ತದೆ. ಆಗ ಧಣಿ ಹೇಳುತ್ತಾರೆ: "ಈಗಿನವರಿಗೆ ಕಲಿಯುವ ಮನಸ್ಸೇ ಇಲ್ಲ ಮಾರಾಯ್ರೆ."

ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಐದರಿಂದ ಐವತ್ತು ಜನರನ್ನು ಇಟ್ಟುಕೊಂಡು ವ್ಯಾಪಾರ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಡಿಕೆ ಅಂಗಡಿ, ಜವಳಿ ಮಳಿಗೆ, ಹೋಟೆಲು, ಎಣ್ಣೆ ಮಿಲ್ಲು, ವರ್ಕ್‌ಶಾಪು, ಸಹಕಾರಿ ಸಂಘ, ಯಾವುದಾದರೂ ಆಗಬಹುದು. ಕಲಿಸಲು ನಿಮ್ಮೆದುರು ಐದು ದಾರಿಗಳಿವೆ. ನೀವೇ ಕಲಿಸಬಹುದು. ಹಳೆಯ ಕೆಲಸಗಾರರಿಂದ ಕಲಿಸಬಹುದು. ಹೊರಗೆ ಕಳಿಸಬಹುದು. ಹೊರಗಿನವರನ್ನು ಕರೆಸಬಹುದು. ಸರಕಾರದ ಯೋಜನೆಯಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬಹುದು. ಮೊಬೈಲ್ ವಿಡಿಯೋ ಆರನೆಯದು, ಅದಕ್ಕೆ ಎರಡು ಮಾತು ಸಾಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಕೆಲಸ ತಪ್ಪಿದರೆ ಗಿರಾಕಿ ಕೈಬಿಟ್ಟು ಹೋಗುತ್ತಾರೋ ಅದನ್ನು ಧಣಿಯೇ ಕಲಿಸಬೇಕು. ಯಾವುದು ತಪ್ಪಿದರೆ ಜೀವವೋ ಲೈಸೆನ್ಸೋ ಹೋಗುತ್ತದೋ ಅದನ್ನು ಹೊರಗೆ, ಸರ್ಟಿಫಿಕೇಟ್ ಕೊಡುವವರ ಹತ್ತಿರ ಕಲಿಸಬೇಕು. ಕೈಗೆ ಹತ್ತಬೇಕಾದ ಕೆಲಸವನ್ನು ಹಳಬರಿಗೆ ಬಿಡಬೇಕು, ಆದರೆ ಕಲಿಸಿದ್ದಕ್ಕೆ ಅವರಿಗೆ ಬೇರೆಯೇ ದುಡ್ಡು ಕೊಡಬೇಕು.

ಧಣಿಯೇ ಕಲಿಸಿದರೆ

"ನನಗೆ ಪುರುಸೊತ್ತು ಎಲ್ಲಿದೆ?" ಎಂಬುದು ಎಲ್ಲರ ಮೊದಲ ಉತ್ತರ. ಇಂಟೆಲ್ ಕಂಪನಿಯನ್ನು 1987ರಿಂದ 1998ರವರೆಗೆ ನಡೆಸಿದ ಆಂಡಿ ಗ್ರೋವ್ ಇದಕ್ಕೆ ಒಂದು ಲೆಕ್ಕ ತೋರಿಸಿದ್ದರು. ನಾಲ್ಕು ಪಾಠ ಮಾಡಬೇಕು, ಒಂದೊಂದರ ತಯಾರಿಗೆ 3 ಗಂಟೆ ಬೇಕು ಅಂತಿಟ್ಟುಕೊಳ್ಳಿ. ಒಟ್ಟು 12 ಗಂಟೆ. ಪಾಠಕ್ಕೆ ಕೂತವರು ಹತ್ತು ಜನ. ಮುಂದಿನ ಒಂದು ವರ್ಷ ಅವರೆಲ್ಲ ಸೇರಿ ಸುಮಾರು 20,000 ಗಂಟೆ ಕೆಲಸ ಮಾಡುತ್ತಾರೆ. ಪಾಠದಿಂದ ಅವರ ಕೆಲಸ ಶೇಕಡಾ 1ರಷ್ಟು ಸುಧಾರಿಸಿದರೂ 200 ಗಂಟೆಯ ಲಾಭ. 12 ಹಾಕಿ 200 ತೆಗೆಯುವ ವ್ಯಾಪಾರ ಯಾರಿಗೆ ಬೇಡ?

ನಮ್ಮ ಅಳತೆಗೆ ತನ್ನಿ. ಆರು ಜನರ ಒಂದು ಜವಳಿ ಅಂಗಡಿ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ. ಒಟ್ಟು 14,400 ಗಂಟೆ. ಅದರ ಶೇಕಡಾ 1 ಅಂದರೆ 144 ಗಂಟೆ. ಸೀರೆ ಹುಡುಕಲು ಕಪಾಟಿನಿಂದ ಕಪಾಟಿಗೆ ಅಲೆಯುವುದು, ಬಿಲ್ಲು ತಪ್ಪಿ ಮತ್ತೆ ಬರೆಯುವುದು, ಬದಲಾಯಿಸಲು ಬಂದವರ ಜೊತೆ ವಾದ ಮಾಡುವುದು, ಇಷ್ಟು ಕಡಿಮೆಯಾದರೆ ಅದಕ್ಕಿಂತ ಜಾಸ್ತಿಯೇ ಉಳಿಯುತ್ತದೆ.

ಜ್ಯಾಕ್ ವೆಲ್ಶ್ ಅಮೆರಿಕದ ಜಿ.ಇ. ಕಂಪನಿ ನಡೆಸುತ್ತಿದ್ದಾಗ ಕ್ರೋಟನ್‌ವಿಲ್‌ನ ತರಬೇತಿ ಕೇಂದ್ರಕ್ಕೆ ಹೋಗಿ ಮ್ಯಾನೇಜರುಗಳಿಗೆ ಸ್ವತಃ ಪಾಠ ಮಾಡುತ್ತಿದ್ದರು. ಆ ಕೇಂದ್ರ ಶುರುವಾದದ್ದು 1956ರಲ್ಲಿ. ಟಾಟಾದವರು 1966ರಲ್ಲಿ ಪುಣೆಯಲ್ಲಿ, ಇನ್ಫೋಸಿಸ್‌ನವರು 2001ರಲ್ಲಿ ಮೈಸೂರಿನಲ್ಲಿ ಇಂಥದ್ದೇ ಕೇಂದ್ರ ಕಟ್ಟಿದರು. ಅಷ್ಟು ದೊಡ್ಡವರ ಮಾತು ನಮಗ್ಯಾಕೆ ಅಂತ ಕೇಳಬಹುದು. ಸಾವಿರಾರು ಜನರ ಕಂಪನಿಯಲ್ಲಿ ಧಣಿ ಮತ್ತು ಕೆಲಸದವರು ಭೇಟಿಯಾಗಬೇಕಾದರೆ ಒಂದು ಕಟ್ಟಡವೇ ಬೇಕು. ನಮ್ಮಲ್ಲಿ ಗಲ್ಲಾದಿಂದ ನಾಲ್ಕು ಹೆಜ್ಜೆ ನಡೆದರೆ ಸಾಕು.

ಹಾಗಾದರೆ ಧಣಿ ಏನು ಕಲಿಸಬೇಕು? ಬೇರೆ ಯಾರಿಗೂ ಗೊತ್ತಿಲ್ಲದ್ದನ್ನು. ಈ ರೇಟಿಗೆ ಯಾಕೆ ಬಂದೆವು, ಎಲ್ಲಿಯವರೆಗೆ ಇಳಿಯಬಹುದು, ಯಾರಿಗೆ ಕಡ ಕೊಡಬಹುದು, ಮಾಲು ಕೆಟ್ಟಿದೆ ಅಂತ ವಾಪಸು ತಂದವರಿಗೆ ಮೊದಲ ವಾಕ್ಯ ಏನು ಹೇಳಬೇಕು. ಇದು ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ. ಹಳಬರಿಗೂ ಅರ್ಧ ಮಾತ್ರ ಗೊತ್ತು, ಯಾಕೆಂದರೆ ಧಣಿ ಅವರಿಗೂ ಕಾರಣ ಹೇಳಿರುವುದಿಲ್ಲ. ಸುಮ್ನೆ "ಇವರಿಗೆ ಐದು ರೂಪಾಯಿ ಕಮ್ಮಿ ಹಾಕು" ಅಂದಿರುತ್ತಾರೆ. ಕಾರಣ ತಿಳಿಯದವನು ನಾಳೆ ಇನ್ನೊಬ್ಬರಿಗೂ ಐದು ರೂಪಾಯಿ ಕಮ್ಮಿ ಹಾಕುತ್ತಾನೆ.

ಗಿರಾಕಿಗಳ ಹತ್ತಿರ ಮಾತಾಡುವುದೂ ಇದರಲ್ಲೇ ಬಂತು. ಕಾಸರಗೋಡಿನ ಜವಳಿ ಅಂಗಡಿಯಲ್ಲಿ ಒಂದೇ ಗಂಟೆಯಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ ಎಲ್ಲ ಕೇಳುತ್ತದೆ. ಯಾರಿಗೆ ಅಕ್ಕ, ಯಾರಿಗೆ ಚೇಚಿ, ಯಾರಿಗೆ ಇತ್ತ ಅನ್ನಬೇಕು ಎಂಬುದು ಹೊಸಬರಿಗೆ ದೊಡ್ಡ ತಲೆನೋವು. ತಪ್ಪಾಗಿ ಕರೆದರೆ ಜಗಳ ಆಗುವುದಿಲ್ಲ, ಆದರೆ ಗಿರಾಕಿ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಬಹುದು. ಬೆಂಗಳೂರಿನ ತರಬೇತುದಾರರು ಇದನ್ನು ಹೇಗೆ ಕಲಿಸುತ್ತಾರೆ?

ಆದರೆ ಎಲ್ಲ ಧಣಿಗಳಿಗೂ ಕಲಿಸಲು ಬರುವುದಿಲ್ಲ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದವರಿಗೆ ಅದರ ಮೆಟ್ಟಿಲುಗಳೇ ಮರೆತುಹೋಗಿರುತ್ತವೆ. "ನೋಡಿದರೇ ಗೊತ್ತಾಗ್ತದಲ್ಲ" ಅನ್ನುತ್ತಾರೆ. ಗೊತ್ತಾಗುವುದಿಲ್ಲ. ಇನ್ನೊಂದು ತೊಂದರೆ ಸಿಟ್ಟು. "ಇಷ್ಟೂ ಗೊತ್ತಿಲ್ವಾ?" ಎಂದು ಒಮ್ಮೆ ಕೇಳಿದರೆ ಸಾಕು, ಆಮೇಲೆ ಆ ಹುಡುಗ ಪ್ರಶ್ನೆ ಕೇಳುವುದನ್ನೇ ಬಿಡುತ್ತಾನೆ. ತಪ್ಪು ಮಾಡಿದರೂ ಮುಚ್ಚಿಡುತ್ತಾನೆ. ಬಾಯಿ ಜೋರಿನ ಧಣಿ ಕಲಿಸುವ ಕೆಲಸವನ್ನು ತಮ್ಮನಿಗೋ ಮಗಳಿಗೋ ಲೆಕ್ಕ ಬರೆಯುವ ರೈಟರಿಗೋ ಬಿಡುವುದು ಒಳ್ಳೆಯದು.

ಕಲಿಸಲು ಕೂತವರಿಗೆ ಒಂದು ಹಳೆಯ ಕ್ರಮ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳ ಅನುಭವಿ ಕೆಲಸಗಾರರು ಸೈನ್ಯಕ್ಕೆ ಹೋದರು. ಅವರ ಜಾಗಕ್ಕೆ ಬಂದವರಿಗೆ ಯಂತ್ರವೇ ಹೊಸತು. ಅವರನ್ನು ಬೇಗ ತಯಾರು ಮಾಡಲು ಅಲ್ಲಿನ ಸರಕಾರ ಮೇಸ್ತ್ರಿಗಳಿಗೆ ಕಲಿಸುವುದು ಹೇಗೆಂದು ಕಲಿಸಿತು. ಎರಡೆರಡು ಗಂಟೆಯ ಐದು ಪಾಠ, ಒಟ್ಟು ಹತ್ತೇ ಗಂಟೆ. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಯಿತು, ಟೊಯೋಟಾದವರು ಅದನ್ನು ಹಿಡಿದುಕೊಂಡರು. ಅದರಲ್ಲಿ ಇರುವುದು ನಾಲ್ಕೇ ಹಂತ. ಮೊದಲು ಕಲಿಯುವವನ ಹೆದರಿಕೆ ಬಿಡಿಸಿ, ಅವನಿಗೆ ಈಗಾಗಲೇ ಎಷ್ಟು ಗೊತ್ತು ಅಂತ ಕೇಳಿ. ಆಮೇಲೆ ಕೆಲಸ ಮಾಡಿ ತೋರಿಸಿ, ಒಂದೊಂದು ಹೆಜ್ಜೆಯಲ್ಲೂ ಗಮನಿಸಬೇಕಾದ್ದು ಯಾವುದು, ಯಾಕೆ ಅಂತ ಹೇಳಿ. ಮೂರನೆಯದಾಗಿ ಅವನ ಕೈಯಲ್ಲೇ ಮಾಡಿಸಿ, ಮಾಡುತ್ತಾ ಅವನೇ ನಿಮಗೆ ವಿವರಿಸಲಿ. ಕೊನೆಗೆ ಅವನನ್ನು ಒಬ್ಬನೇ ಬಿಡಿ, ಆದರೆ ಅನುಮಾನ ಬಂದರೆ ಯಾರನ್ನು ಕೇಳಬೇಕೆಂದು ಹೆಸರು ಹೇಳಿ, ನಡುನಡುವೆ ಬಂದು ನೋಡಿ.

ನಮ್ಮಲ್ಲಿ ಸಾಮಾನ್ಯವಾಗಿ ಎರಡನೇ ಹಂತದ ಅರ್ಧ ಮಾತ್ರ ನಡೆಯುತ್ತದೆ. ಮಾಡಿ ತೋರಿಸುತ್ತಾರೆ, ಯಾಕೆ ಅಂತ ಹೇಳುವುದಿಲ್ಲ. ಮೂರನೇ ಹಂತವಂತೂ ಇಲ್ಲವೇ ಇಲ್ಲ. "ಅರ್ಥ ಆಯ್ತಾ?" ಅಂತ ಕೇಳಿದರೆ ಹುಡುಗ "ಹಾಂ" ಅನ್ನುತ್ತಾನೆ. ಇನ್ನೇನು ಹೇಳಬೇಕು ಪಾಪ? "ಈಗ ನೀನು ನನಗೆ ಹೇಳಿಕೊಡು ನೋಡುವಾ" ಅಂದು ನೋಡಿ, ಎಷ್ಟು ಅರ್ಥವಾಗಿದೆ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಹಳಬರಿಗೆ ಬಿಟ್ಟರೆ

ಕೆಲವು ಕೆಲಸಕ್ಕೆ ಇದು ಬಿಟ್ಟು ಬೇರೆ ದಾರಿಯಿಲ್ಲ. ಅಡಿಕೆ ಅಂಗಡಿಯಲ್ಲಿ ಮಾಲು ವಿಂಗಡಿಸುವುದನ್ನು ತೆಗೆದುಕೊಳ್ಳಿ. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ದರ್ಜೆಗಳ ಹೆಸರು ಬಾಯಿಪಾಠ ಮಾಡಲು ಒಂದು ಮಧ್ಯಾಹ್ನ ಸಾಕು. ಎದುರು ಸುರಿದ ರಾಶಿಯಲ್ಲಿ ಅವನ್ನು ಗುರುತಿಸುವುದಕ್ಕೆ ಒಂದು ಇಡೀ ಕೊಯ್ಲು ಬೇಕು. ಬಣ್ಣ ನೋಡಬೇಕು, ಕೈಯಲ್ಲಿ ಕುಲುಕಿ ಸದ್ದು ಕೇಳಬೇಕು, ಅನುಮಾನ ಬಂದರೆ ತುಂಡು ಮಾಡಿ ಒಳಗೆ ನೋಡಬೇಕು. ತೋಟದವರು ಎದುರಲ್ಲೇ ನಿಂತಿರುತ್ತಾರೆ. ಒಂದು ಹಿಡಿ ಅಡಿಕೆ ಕೆಳಗಿನ ರಾಶಿಗೆ ಹೋದರೆ ಅವರಿಗೆ ನಷ್ಟ, ಮೇಲಿನದಕ್ಕೆ ಹೋದರೆ ಅಂಗಡಿಗೆ ನಷ್ಟ. ಈ ಕಣ್ಣು ಬರುವುದು ಹತ್ತಾರು ವರ್ಷ ವಿಂಗಡಿಸಿದವರ ಪಕ್ಕದಲ್ಲಿ ಕೂತರೆ ಮಾತ್ರ.

ಆದರೆ ಪಕ್ಕದಲ್ಲಿ ಕೂರಿಸುವುದೇ ಕಲಿಸುವುದಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯವರಿಗೆ ಇದು ಗೊತ್ತಿರಬೇಕು. ಯಕ್ಷಗಾನ ಮೇಳದಲ್ಲಿ ಹೊಸ ಹುಡುಗನಿಗೆ ಮೊದಲ ದಿನವೇ ಅರ್ಜುನನ ವೇಷ ಕೊಡುವುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯುತ್ತಾನೆ, ಆಮೇಲೆ ಬಾಲಗೋಪಾಲ, ಹೀಗೆ ಮೇಲೆ ಬರುತ್ತಾನೆ. ತಾಳ ತಪ್ಪಿದರೂ ಆಟ ಕೆಡದ ಹೊತ್ತಿನಲ್ಲಿ, ಜನರೆದುರೇ ಅಭ್ಯಾಸ. ಮುಂದಿನ ವೇಷ ಯಾವುದೆಂದು ಅವನಿಗೂ ಗೊತ್ತು, ಮೇಳಕ್ಕೂ ಗೊತ್ತು. ಅಂಗಡಿಗಳಲ್ಲಿ ಇಲ್ಲದಿರುವುದು ಈ ಏಣಿ. ಚಹಾ ತರುವುದರಿಂದ ನೇರ ಗಲ್ಲಾಕ್ಕೆ ಹಾರಬೇಕು, ಇಲ್ಲದಿದ್ದರೆ ಚಹಾ ತರುತ್ತಲೇ ಇರಬೇಕು.

ಹಾಗಾಗಿ ಹಳಬರಿಗೆ ಬಿಡುವ ಮೊದಲು ಒಂದು ಹಾಳೆಯಲ್ಲಿ ಮೆಟ್ಟಿಲು ಬರೆದುಕೊಡಿ. ಮೊದಲ ತಿಂಗಳು ಕರಿಗೋಟು ಮಾತ್ರ ಹೆಕ್ಕಲಿ, ತಪ್ಪಿದರೂ ನಷ್ಟ ಕಡಿಮೆ. ಅದು ಸರಿಯಾದ ಮೇಲೆ ಪಟೋರ. ತೋಟದವರ ಎದುರು ಕೂರುವುದು ಕೊನೆಗೆ.

ಇನ್ನೊಂದು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಹಳಬರು ಮನಸ್ಸಿಟ್ಟು ಕಲಿಸದಿರಲು ಕಾರಣ ಸೋಮಾರಿತನವಲ್ಲ, ಭಯ. ಐವತ್ತೈದರ ಅಣ್ಣ ತನ್ನ ಗುಟ್ಟನ್ನೆಲ್ಲ ಇಪ್ಪತ್ತೆರಡರ ಹುಡುಗನಿಗೆ ಹೇಳಿಕೊಟ್ಟರೆ, ಕಡಿಮೆ ಸಂಬಳದ ಹುಡುಗನನ್ನು ಇಟ್ಟುಕೊಂಡು ಧಣಿ ತನ್ನನ್ನು ಮನೆಗೆ ಕಳಿಸಬಹುದು ಅಂತ ಅನಿಸುವುದಿಲ್ವಾ? ಅನಿಸಬೇಕಾದ್ದೇ. ಇದಕ್ಕೆ ಮದ್ದು ಉಪದೇಶದಿಂದ ಸಿಗುವುದಿಲ್ಲ, ದುಡ್ಡಿನಿಂದ ಸಿಗುತ್ತದೆ. ಕಲಿಸುವ ತಿಂಗಳುಗಳಲ್ಲಿ ಸಂಬಳದ ಮೇಲೆ ಬೇರೆ ಮೊತ್ತ ಕೊಡಿ. ಹುಡುಗ ಒಬ್ಬನೇ ಕೆಲಸ ಮಾಡುವಷ್ಟಾದ ದಿನ ಇನ್ನೊಂದಷ್ಟು ಕೊಡಿ. ಆ ದಿನಗಳಲ್ಲಿ ಅವರ ಸ್ವಂತ ಕೆಲಸ ಸ್ವಲ್ಪ ಕಮ್ಮಿಯಾದರೆ ಮುಖ ಗಂಟು ಹಾಕಬೇಡಿ. ದುಡ್ಡು ಕೊಡದೆ ಹಳಬರಿಂದ ಕಲಿಸುವುದು ಎಲ್ಲಕ್ಕಿಂತ ಅಗ್ಗ ಅಂತ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದುಬಾರಿ, ಯಾಕೆಂದರೆ ಹೊಸಬ ಕಲಿಯದೆ ಉಳಿದ ತಿಂಗಳುಗಳ ಸಂಬಳ ಯಾವ ಪುಸ್ತಕದಲ್ಲೂ ನಷ್ಟ ಅಂತ ಬರೆದಿರುವುದಿಲ್ಲ.

ಹಳಬರ ಜೊತೆ ಹಳೆಯ ದುರಭ್ಯಾಸಗಳೂ ದಾಟುತ್ತವೆ. ಯಂತ್ರದ ಗಾರ್ಡ್ ತೆಗೆದಿಟ್ಟು ಕೆಲಸ ಮಾಡುವ ಮೇಸ್ತ್ರಿ ಶಿಷ್ಯನಿಗೂ ಅದನ್ನೇ ಕಲಿಸುತ್ತಾರೆ.

ಹೊರಗೆ ಕಳಿಸುವುದಾದರೆ

ಜೀವದ ವಿಷಯ, ಕಾನೂನಿನ ವಿಷಯ ಇದ್ದಲ್ಲಿ ಇದೇ ಸರಿ. ಹೋಟೆಲು, ಬೇಕರಿ ನಡೆಸುವವರು ಮೊದಲು ಓದಬೇಕಾದ ಭಾಗ ಇದು. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು, ಇನ್ನೂ ಹಲವರು ಆಸ್ಪತ್ರೆ ಸೇರಿದರು. ಆಮೇಲೆ ಕೇರಳದಲ್ಲಿ ತಪಾಸಣೆ ಬಿಗಿಯಾಯಿತು. 2023ರಲ್ಲಿ ಹಸಿ ಮೊಟ್ಟೆಯ ಮಯೊನೀಸ್ ನಿಷೇಧವಾಯಿತು, ಅಡುಗೆ ಮಾಡುವವರಿಗೂ ಬಡಿಸುವವರಿಗೂ ಹೆಲ್ತ್ ಕಾರ್ಡ್ ಕಡ್ಡಾಯವಾಯಿತು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ಎಂಬ ತರಬೇತಿ ಇದೆ. ಲೈಸೆನ್ಸ್ ಪಡೆದ ಹೋಟೆಲಿನಲ್ಲಿ ಆಹಾರ ಮುಟ್ಟುವ ಪ್ರತಿ 25 ಜನರಿಗೆ ಕನಿಷ್ಠ ಒಬ್ಬರಾದರೂ ಈ ತರಬೇತಿ ಪಡೆದಿರಬೇಕು. ಕಳಿಸುವಾಗ ಧಣಿಯ ಅಳಿಯನನ್ನು ಕಳಿಸಿ ಸರ್ಟಿಫಿಕೇಟ್ ಗೋಡೆಗೆ ಹಾಕುವವರಿದ್ದಾರೆ. ಅದರಿಂದ ಫ್ರಿಜ್ಜಿನ ಕೋಳಿ ಕೆಡದೆ ಉಳಿಯುತ್ತದಾ? ಅಡುಗೆಮನೆಯಲ್ಲಿ ದಿನವಿಡೀ ನಿಲ್ಲುವ ಭಟ್ರನ್ನೋ ಹೆಡ್ ಕುಕ್ಕನ್ನೋ ಕಳಿಸಿ.

ತೆಂಗು, ಅಡಿಕೆ, ಕೊಕ್ಕೋ ವ್ಯವಹಾರದವರಿಗೆ ನಮ್ಮಷ್ಟು ಅನುಕೂಲ ಬೇರೆ ಕಡೆ ಇಲ್ಲ. ಕೂಡ್ಲಿನಲ್ಲಿರುವ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. 1970ರಿಂದ ಈಗಿನ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ತೆಂಗಿನ ಉತ್ಪನ್ನಗಳನ್ನು ಮಾಡುವುದನ್ನು ಸಂಶೋಧನೆ ಮಾಡಿದವರಿಂದಲೇ ಕಲಿಯಬಹುದು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತೆಂಗಿನಮರದ ಗೆಳೆಯರು ಎಂಬ ತರಬೇತಿ ನಡೆಸುತ್ತಿದೆ. ಯಂತ್ರ ಹಾಕಿ ಮರ ಹತ್ತುವುದನ್ನು ಕಲಿಸುತ್ತಾರೆ. ಕಾಯಿ ಕೊಯ್ಯಲು ಜನ ಸಿಗದೆ ಮಿಲ್ಲಿಗೆ ಕೊಬ್ಬರಿ ಬರುವುದಿಲ್ಲ ಅಂತ ಗೊಣಗುವವರು ತಮ್ಮ ಇಬ್ಬರು ಹುಡುಗರನ್ನು ಅಲ್ಲಿಗೆ ಯಾಕೆ ಕಳಿಸಬಾರದು?

ಯಂತ್ರ, ವಿದ್ಯುತ್, ವೆಲ್ಡಿಂಗ್ ಕೆಲಸಕ್ಕೆ ವಿದ್ಯಾನಗರದ ಐಟಿಐ ಇದೆ. ಕಂಪ್ಯೂಟರ್, ಇಂಗ್ಲಿಷ್, ಆಫೀಸು ಕೆಲಸಕ್ಕೆ ರಾಜ್ಯ ಸರಕಾರದ ಕೌಶಲ ತರಬೇತಿ ಸಂಸ್ಥೆ ಅಸಾಪ್ ಕೇರಳದ ಕೋರ್ಸುಗಳಿವೆ. ಇಲ್ಲೆಲ್ಲ ಒಂದು ಎಚ್ಚರಿಕೆ. ಕೋರ್ಸು ಮುಗಿಸಿ ಬಂದವನು ಮರುದಿನದಿಂದ ಅದೇ ಹಳೆಯ ಕೆಲಸಕ್ಕೆ ನಿಂತರೆ ಕಲಿತದ್ದು ಒಂದು ತಿಂಗಳಲ್ಲಿ ಮಾಯ. ಕಳಿಸುವ ಮೊದಲೇ ವಾಪಸು ಬಂದ ಮೇಲೆ ಅವನ ಕೈಗೆ ಯಾವ ಕೆಲಸ ಕೊಡುತ್ತೇನೆ ಅಂತ ನಿರ್ಧಾರ ಮಾಡಿ. ಇಲ್ಲದಿದ್ದರೆ ಕಳಿಸಬೇಡಿ.

ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಸೇರಿ ಶುರುಮಾಡಿದ ಇದರ ಮಾದರಿಯಲ್ಲೇ ದೇಶದ ಎಲ್ಲ ಕಡೆ ಆರ್‌ಸೆಟಿ ಎಂಬ ತರಬೇತಿ ಕೇಂದ್ರಗಳು ಬಂದವು. ತರಬೇತಿ ಒಳ್ಳೆಯದು, ಊಟ ವಸತಿಯೂ ಉಚಿತ. ಆದರೆ ಅವರ ಉದ್ದೇಶ ಸ್ವಂತ ಉದ್ಯೋಗ. ನಿಮ್ಮ ಹುಡುಗನನ್ನು ಅಲ್ಲಿಗೆ ಕಳಿಸಿದರೆ ಅವನು ನಿಮ್ಮೆದುರೇ ಅಂಗಡಿ ಹಾಕಬಹುದು. ಅವನಿಗೆ ಒಳ್ಳೆಯದೇ ಬಿಡಿ.

ಹೊರಗಿನವರನ್ನು ಕರೆಸಿದರೆ

ಒಂದು ದಿನದ ಭಾಷಣ, ನಡುವೆ ಆಟ, ಕೊನೆಗೆ ಗ್ರೂಪ್ ಫೋಟೋ. ಜನ ಖುಷಿಯಾಗಿರುತ್ತಾರೆ, ಅದಕ್ಕೆ ಮಾತ್ರ ಆದರೆ ಬೇಕಲಕ್ಕೆ ಪ್ರವಾಸ ಕರೆದುಕೊಂಡು ಹೋಗಿ, ಖರ್ಚು ಕಡಿಮೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರೊಫೆಸರರು 1959ರಲ್ಲೇ ತರಬೇತಿಯನ್ನು ಅಳೆಯಲು ನಾಲ್ಕು ಪ್ರಶ್ನೆ ಕೊಟ್ಟಿದ್ದಾರೆ. ಕಲಿತವರಿಗೆ ಹಿಡಿಸಿತಾ? ಕಲಿತರಾ? ಕೆಲಸದಲ್ಲಿ ಅದನ್ನು ಮಾಡುತ್ತಿದ್ದಾರಾ? ವ್ಯಾಪಾರಕ್ಕೆ ಲಾಭವಾಯಿತಾ? ಭಾಷಣದವರು ಮೊದಲನೆಯದನ್ನು ಕೇಳಿ ಫಾರಂ ತುಂಬಿಸಿಕೊಂಡು ಹೋಗುತ್ತಾರೆ. ನೀವು ಮೂರನೆಯದನ್ನು ಕೇಳಿ, ಎರಡು ತಿಂಗಳು ಬಿಟ್ಟು.

ಆದರೆ ಹೊಸ ಯಂತ್ರ ತಂದಾಗ ಅದನ್ನು ಕೂರಿಸಲು ಬರುವ ಟೆಕ್ನಿಶಿಯನ್ ಇದ್ದಾರಲ್ಲ, ಅವರು ಪುಕ್ಕಟೆ ಸಿಗುವ ಮೇಷ್ಟ್ರು. ನಾವು ಅವರಿಗೆ ಚಹಾ ಕೊಟ್ಟು ಬೇಗ ಕಳಿಸುತ್ತೇವೆ. ಒಂದು ದಿನ ಜಾಸ್ತಿ ಉಳಿಸಿಕೊಳ್ಳಿ. ಯಂತ್ರ ನಡೆಸುವವನ ಕೈಯಲ್ಲಿ ಅವರೆದುರೇ ಬಿಚ್ಚಿ ಜೋಡಿಸಿ.

ಅಪ್ರೆಂಟಿಸ್ ತೆಗೆದುಕೊಂಡರೆ

ಇದು ದೊಡ್ಡ ಕಾರ್ಖಾನೆಗೆ ಮಾತ್ರ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. 1961ರ ಅಪ್ರೆಂಟಿಸ್ ಕಾಯಿದೆಯ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಇದು ಕಡ್ಡಾಯ. 4ರಿಂದ 29 ಜನರಿದ್ದರೆ ನಿಮ್ಮ ಇಷ್ಟ. ಒಟ್ಟು ಜನರ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 40 ಜನರ ಕಾರ್ಖಾನೆಗೆ ಅಂದರೆ ಒಬ್ಬರಿಂದ ಆರು ಜನ. 2016ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆಯಲ್ಲಿ ಸ್ಟೈಪೆಂಡಿನ ಶೇಕಡಾ 25, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿ, ಕೇಂದ್ರ ಸರಕಾರ ಕೊಡುತ್ತದೆ. ನೋಂದಣಿ, ಒಪ್ಪಂದ ಎಲ್ಲ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಿನಲ್ಲೇ.

ಅಪ್ರೆಂಟಿಸ್ ಕಾನೂನಿನ ಪ್ರಕಾರ ಕೆಲಸಗಾರನಲ್ಲ, ಕಲಿಯುವವ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಿಲ್ಲ. ಅವನೂ ಇರಲೇಬೇಕು ಅಂತಿಲ್ಲ, ಒಪ್ಪಂದದಲ್ಲಿ ಬರೆದಿದ್ದರೆ ಮಾತು ಬೇರೆ. ಇದನ್ನು ಕಡಿಮೆ ಸಂಬಳದ ಆಳು ಅಂತ ತಿಳಿದು ಗೋಣಿ ಹೊರಿಸುವವರಿಗೆ ಈ ದಾರಿ ಬೇಡ. ಕಾನೂನಿಗೂ ವಿರುದ್ಧ, ಹುಡುಗನೂ ನಿಲ್ಲುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಹೊಸಬರನ್ನು ತೆಗೆದುಕೊಳ್ಳುವ ವರ್ಕ್‌ಶಾಪು, ಸೀತಾಂಗೋಳಿ, ಅನಂತಪುರ ಕಡೆಯ ಸಣ್ಣ ಕಾರ್ಖಾನೆಗಳಿಗೆ ಇದರಷ್ಟು ಒಳ್ಳೆಯದು ಇಲ್ಲ. ಯಾರು ಕೆಲಸಕ್ಕೆ ಆಗುತ್ತಾರೆ ಎಂದು ನೋಡಲು ನಿಮಗೆ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಅಂದಹಾಗೆ ಒಳಗೆ ಕಲಿಸುವವರು ಯಾರು ಎಂಬ ಪ್ರಶ್ನೆ ಇಲ್ಲೂ ಉಳಿಯುತ್ತದೆ. ಧಣಿ, ಹಳಬರು ಎಂಬ ಮೊದಲಿನ ಎರಡು ದಾರಿಗಳಲ್ಲಿ ಒಂದು ಬೇಕೇ ಬೇಕು.

ಮೊಬೈಲ್ ವಿಡಿಯೋ

ಟ್ಯಾಲಿ, ಜಿಎಸ್‌ಟಿ ಬಿಲ್ಲು, ಎಕ್ಸೆಲ್ ಕಲಿಯಲು ಚೆನ್ನಾಗಿದೆ. ಅಡಿಕೆ ಗುರುತಿಸಲು ಆಗುವುದಿಲ್ಲ. ಒಂದು ಉಪಾಯ: ನಿಮ್ಮ ಹಳಬರು ಕೆಲಸ ಮಾಡುವುದನ್ನೇ ಮೂರು ಮೂರು ನಿಮಿಷದ ತುಣುಕುಗಳಾಗಿ ಶೂಟ್ ಮಾಡಿಸಿ, ಅವರದೇ ಭಾಷೆಯಲ್ಲಿ. ಅಣ್ಣ ನಿವೃತ್ತರಾದ ಮೇಲೂ ಅದು ಉಳಿಯುತ್ತದೆ.

ಯಾವ ಭಾಷೆಯಲ್ಲಿ?

ದಾರಿ ಆರಿಸುವಾಗ ಬೇರೆ ಊರಿನವರು ಯೋಚಿಸದ, ಆದರೆ ನಾವು ಯೋಚಿಸಲೇಬೇಕಾದ ಸಂಗತಿ ಇದು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಲ್ಲಿ ತುಂಬಾ ಜನ ಮಲಯಾಳ ಸಲೀಸಾಗಿ ಮಾತಾಡುತ್ತಾರೆ, ಓದಲು ಹೋದರೆ ತಡವರಿಸುತ್ತಾರೆ. ಸರಕಾರದ ಕೋರ್ಸುಗಳ ಪಾಠ, ಕೈಪಿಡಿ, ಪರೀಕ್ಷೆ ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಬದಿಯಡ್ಕದ ಜಾಣ ಹುಡುಗಿ ಅಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಬಂದರೆ "ಇವಳಿಗೆ ಕಲಿಯಲು ಆಗಲಿಲ್ಲ" ಅಂತ ತೀರ್ಮಾನ ಮಾಡಬೇಡಿ. ಸೇರಿಸುವ ಮೊದಲೇ ಫೋನ್ ಮಾಡಿ ಕೇಳಿ: ಪಾಠ ಯಾವ ಭಾಷೆ, ಪರೀಕ್ಷೆ ಯಾವ ಭಾಷೆ, ಬಾಯಿಮಾತಿನಲ್ಲಿ ಉತ್ತರ ಹೇಳಬಹುದಾ. ಓದುವ ಪಾಠ ಜಾಸ್ತಿಯಿದ್ದರೆ ಮಂಗಳೂರಿನ ಕಡೆ ಅದೇ ಕೋರ್ಸು ಕನ್ನಡದಲ್ಲಿ ಇದೆಯಾ ನೋಡಿ, ಬೆಳಿಗ್ಗೆಯ ರೈಲಿನಲ್ಲಿ ಹೋಗಿ ಸಂಜೆ ಬರುವಷ್ಟೇ ದೂರ.

ಬಂಗಾಳ, ಅಸ್ಸಾಂ, ಒಡಿಶಾ ಕಡೆಯವರು ಕೆಲಸಕ್ಕಿದ್ದರೆ ಮಾತು ಇನ್ನೂ ಬೇರೆ. ಅವರಿಗೆ ಮಲಯಾಳ ಕಲಿಸಲು ಕೇರಳ ಸಾಕ್ಷರತಾ ಮಿಷನ್ 2017ರಲ್ಲಿ ಚಙ್ಙಾತಿ ಎಂಬ ಕಾರ್ಯಕ್ರಮ ಶುರುಮಾಡಿತು. ಆದರೆ ಯಂತ್ರದ ಪಕ್ಕ ನಿಂತವನಿಗೆ "ಕೈ ತೆಗಿ" ಎಂಬುದು ಇವತ್ತೇ ಅರ್ಥವಾಗಬೇಕು. ಅಪಾಯದ ಮಾತುಗಳನ್ನು ಹಿಂದಿಯಲ್ಲಿ ಹೇಳಲು ಮೇಸ್ತ್ರಿಗೆ ಮೊದಲು ಕಲಿಸಿ. ಮಾಡಿ ತೋರಿಸುವ, ಮಾಡಿಸಿ ನೋಡುವ ಕ್ರಮ ಇಲ್ಲಿ ದುಪ್ಪಟ್ಟು ಉಪಯೋಗಕ್ಕೆ ಬರುತ್ತದೆ.

ಕಲಿತು ಬಿಟ್ಟು ಹೋದರೆ?

ಮಂಗಳೂರು ಹತ್ತಿರ, ಗಲ್ಫ್ ದೂರವಲ್ಲ. ಕಲಿಸಿದವನು ಹೋಗುತ್ತಾನೆ ಎಂಬ ಹೆದರಿಕೆ ಸುಳ್ಳಲ್ಲ. ಇದಕ್ಕೆ ಕೆಲವರು ಬಾಂಡ್ ಬರೆಸಿಕೊಳ್ಳುತ್ತಾರೆ. ಬಿಟ್ಟ ಮೇಲೆ ಇನ್ನೊಬ್ಬರ ಹತ್ತಿರ ಇದೇ ಕೆಲಸ ಮಾಡಬಾರದು ಅಂತ ಬರೆಸಿದರೆ 1872ರ ಕರಾರು ಕಾಯಿದೆಯ 27ನೇ ಸೆಕ್ಷನ್ ಪ್ರಕಾರ ಅದಕ್ಕೆ ಬೆಲೆಯಿಲ್ಲ. ಇಷ್ಟು ವರ್ಷ ಇರಬೇಕು, ಇಲ್ಲದಿದ್ದರೆ ಇಷ್ಟು ಕೊಡಬೇಕು ಎಂಬ ಬಾಂಡ್ ಬೇರೆ. ನಮ್ಮ ಪಕ್ಕದ ಮಂಗಳೂರಿನಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಇಂಥದ್ದೊಂದು ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಮೂರು ವರ್ಷದ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ. ಹಾಗಂತ 12 ಸಾವಿರ ಸಂಬಳದವನಿಂದ 2 ಲಕ್ಷದ ಬಾಂಡ್ ಬರೆಸಲು ಓಡಬೇಡಿ. ಅದು ಪರೀಕ್ಷೆ ನಡೆಸಿ ಅಧಿಕಾರಿಗಳನ್ನು ನೇಮಿಸುವ ಸರಕಾರಿ ಬ್ಯಾಂಕಿನ ಕತೆ. ನೀವು ನಿಜವಾಗಿ ಖರ್ಚು ಮಾಡಿದ ಕೋರ್ಸು ಫೀಸು, ಅದರ ರಶೀದಿ, ಒಂದು ವರ್ಷದ ಒಳಗೆ ಬಿಟ್ಟರೆ ಅರ್ಧ ವಾಪಸು, ಅಷ್ಟು ಬರೆದರೆ ನ್ಯಾಯವಾಗಿರುತ್ತದೆ. ಮೂಲ ಸರ್ಟಿಫಿಕೇಟ್ ಕಸಿದಿಟ್ಟುಕೊಳ್ಳುವ ಅಭ್ಯಾಸ ಮಾತ್ರ ಬೇಡವೇ ಬೇಡ.

ಅದಕ್ಕಿಂತ ಸುಲಭದ್ದು ಇನ್ನೊಂದಿದೆ. ಕಲಿತ ದಿನ ಸಂಬಳ ಏರಿಸಿ. ಒಬ್ಬ ಕೆಲಸಗಾರನ ಬೆಲೆ ಏರಿದ್ದು ಪಕ್ಕದ ಅಂಗಡಿಯವರಿಗೆ ನಿಮಗಿಂತ ಮೊದಲು ಗೊತ್ತಾಗುತ್ತದೆ, ಅಲ್ವಾ? ಒಂದೇ ಕೆಲಸವನ್ನು ಇಬ್ಬರಿಗೆ ಕಲಿಸಿಡಿ, ಒಬ್ಬರು ಹೋದರೂ ಬಾಗಿಲು ಹಾಕಬೇಕಾಗಿಲ್ಲ.

ಯಾವಾಗ ಶುರುಮಾಡುವುದು

ಓಣಂ ಎದುರಿಗಿರುವಾಗ ಜವಳಿ ಅಂಗಡಿಯಲ್ಲಿ ಪಾಠ ಶುರುಮಾಡಿದರೆ ಎರಡು ದಿನವೂ ನಡೆಯುವುದಿಲ್ಲ. ಅಡಿಕೆ ಬರುವ ಬೇಸಗೆಯಲ್ಲಿ ವಿಂಗಡಿಸುವವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಆದರೆ ಕೈಯ ಕೆಲಸಕ್ಕೆ ಮಾಲು ಎದುರಿಗಿರಬೇಕಾದ್ದರಿಂದ ಹಳಬರ ಪಕ್ಕ ಕೂರಿಸುವುದು ಆಗಲೇ ಆಗಬೇಕು. ಧಣಿಯ ಪಾಠ, ಹೊರಗಿನ ಕೋರ್ಸು, ವಿಡಿಯೋ ಶೂಟಿಂಗು ಇವಕ್ಕೆಲ್ಲ ಆಟಿ ತಿಂಗಳೇ ಸರಿ. ಮದುವೆ ಇಲ್ಲ, ಗಿರಾಕಿ ಕಡಿಮೆ, ಹೊರಗೆ ಮಳೆ. ಹಗಲು ಬಾಗಿಲು ಹಾಕುವ ಹೋಟೆಲಿನವರಿಗೆ ರಂಜಾನ್ ತಿಂಗಳ ಮಧ್ಯಾಹ್ನಗಳು ಸಿಗುತ್ತವೆ. ಈ ಆಟಿಗೆ ಒಬ್ಬ ಕೆಲಸಗಾರ, ಒಂದು ಕೆಲಸ, ವಾರಕ್ಕೆ ಎರಡು ದಿನ ಬೆಳಿಗ್ಗೆ ಬಾಗಿಲು ತೆಗೆದ ಮೇಲಿನ ಮುಕ್ಕಾಲು ಗಂಟೆ, ಅಷ್ಟು ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಫೋನ್ ರೈಟರ ಕೈಯಲ್ಲಿರಲಿ.